ಆ ಡಬ್ಬಿಯನ್ನು ಬಚ್ಚಲ ಒಲೆಗೆ ಹಾಕಬೇಡಿ

ಹಾವೇರಿ ಜಿಲ್ಲೆಯಿಂದ ಓದುಗರೊಬ್ಬರು ಬರೆದಿದ್ದಾರೆ: 'ಮಾವನವರು ಕ್ಯಾನ್ಸರ್‌ನಿಂದ ತೀರಿಕೊಂಡು ಮೂರು ತಿಂಗಳಾಯಿತು. ಅವರ ಔಷಧಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಉಳಿದಿದೆ. ಬಿಪಿ ಮಾತ್ರೆ, ಅರ್ಧ ಮುಗಿದ ಆಂಟಿಬಯೋಟಿಕ್, ಇನ್ಸುಲಿನ್ ಸೂಜಿ, ನೋವಿಗೆ ಅಂಟಿಸುತ್ತಿದ್ದ ಫೆಂಟನಿಲ್ ಪ್ಯಾಚ್. ಪಕ್ಕದ ಮನೆಯವರು ಬಚ್ಚಲ ಒಲೆಗೆ ಹಾಕಿ ಅಂತಾರೆ. ನಾದಿನಿ ಯಾರಿಗಾದರೂ ಕೊಡೋಣ ಅಂತಾಳೆ. ಏನು ಮಾಡಲಿ?'

ಅಕ್ಕಾ, ನಿಮ್ಮ ಕಷ್ಟ ನನಗೆ ಗೊತ್ತು. ಅಮ್ಮ ಹೋದ ಮೇಲೆ ಅವರ ಮಾತ್ರೆ ಡಬ್ಬಿಯನ್ನು ನಾನು ಒಂದೂವರೆ ವರ್ಷ ಮುಟ್ಟಿರಲಿಲ್ಲ. ಆಮೇಲೆ ಒಂದು ದಿನ ಎಲ್ಲವನ್ನೂ ಸುಮ್ನೆ ಒಂದು ಕವರಿಗೆ ತುಂಬಿ ಬೀದಿಯ ಕಸಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಹಸು ಆ ಕವರನ್ನು ಹರಿದು, ಮಾತ್ರೆಗಳನ್ನೆಲ್ಲ ಚೆಲ್ಲಿ, ಮೂತಿ ಹಾಕಿ ನಿಂತಿತ್ತು. ಅದನ್ನು ಓಡಿಸಿದೆ, ಆದರೆ ಅಷ್ಟರಲ್ಲಿ ಎಷ್ಟು ತಿಂದಿತ್ತೋ! ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪ್ಯಾಚ್. ಡಬ್ಬಿಯಲ್ಲಿ ಅತಿ ಅಪಾಯದ್ದು ಅದೇ. ಅಂಟಿಸಿ ತೆಗೆದ ಹಳೇ ಪ್ಯಾಚ್‌ನಲ್ಲೂ ಸಾಕಷ್ಟು ಔಷಧಿ ಉಳಿದಿರುತ್ತದೆ. ಮಗು ಅದನ್ನು ಮೈಗೆ ಅಂಟಿಸಿಕೊಂಡರೆ ಅಥವಾ ಬಾಯಿಗೆ ಹಾಕಿಕೊಂಡರೆ ಉಸಿರೇ ನಿಂತುಹೋಗಬಹುದು. ಹಾಗಾಗಿ ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಒತ್ತಿ, ಟಾಯ್ಲೆಟ್‌ಗೆ ಹಾಕಿ ಜಾಸ್ತಿ ನೀರು ಬಿಡಿ. ಕೈ ಸೋಪಿನಿಂದ ತೊಳೆದುಕೊಳ್ಳಿ. ಟಾಯ್ಲೆಟ್‌ಗೆ ಔಷಧಿ ಹಾಕಬಾರದು ಅಂತ ನೀವು ಕೇಳಿರುತ್ತೀರಿ, ಅದು ಸರಿಯೇ. ಆದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 17 ಔಷಧಿಗಳಿಗೆ ಮಾತ್ರ ಹೀಗೆ ಮಾಡಿ ಎಂದಿದೆ. ಫೆಂಟನಿಲ್, ಮಾರ್ಫಿನ್, ಟ್ರಮಡಾಲ್, ಡಯಾಜೆಪಾಮ್ ಆ ಪಟ್ಟಿಯಲ್ಲಿವೆ. ಇವು ಇನ್ನೊಬ್ಬರ ಕೈಗೆ ಸಿಕ್ಕರೆ ಜೀವಕ್ಕೇ ಕುತ್ತು, ಅದಕ್ಕೇ ಈ ವಿನಾಯಿತಿ.

ಬೇರೆ ಯಾವುದನ್ನೂ ಅಲ್ಲಿ ಹಾಕಬೇಡಿ. ನಮ್ಮೂರುಗಳಲ್ಲಿ ಟಾಯ್ಲೆಟ್ ಗುಂಡಿ, ಬೋರ್‌ವೆಲ್ ಎರಡೂ ಒಂದೇ ಹಿತ್ತಲಲ್ಲಿ ಇರುತ್ತವೆ ಅಲ್ವಾ? ಔಷಧಿ ನಮ್ಮ ಕೈ ಬಿಟ್ಟ ಕೂಡಲೇ ಅದರ ಶಕ್ತಿ ಹೋಗುವುದಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ದೇಶದ ತುಂಬ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನೇ ನಿಷೇಧಿಸಬೇಕಾಯಿತು.

ಬಚ್ಚಲ ಒಲೆ ಬೇಡವೇ ಬೇಡ. ಔಷಧಿ ಕಸವನ್ನು ಅದಕ್ಕೆಂದೇ ಕಟ್ಟಿದ ಕುಲುಮೆಯಲ್ಲಿ ಸುಡುತ್ತಾರೆ, ಕೆಲವು ಕ್ಯಾನ್ಸರ್ ಔಷಧಿಗೆ 1200 ಡಿಗ್ರಿಗಿಂತ ಜಾಸ್ತಿ ಶಾಖ ಬೇಕು. ನಮ್ಮ ಒಲೆಯಲ್ಲಿ ಸ್ಟ್ರಿಪ್ಪಿನ ಪ್ಲಾಸ್ಟಿಕ್ ಹೊಗೆಯಾಗಿ ನಿಮ್ಮ ಮೂಗಿಗೇ ಬರುತ್ತದೆ. ನಿಮ್ಮ ಡಬ್ಬಿಯಲ್ಲಿ ಕೀಮೋ ಮಾತ್ರೆ ಇದ್ದರೆ ಬರಿಗೈಲಿ ಮುಟ್ಟದೆ, ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ತಲುಪಿಸಿ.

ಉಳಿದ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಪುಡಿ ಮಾಡದೆ, ಚಹಾ ಚರಟದ ಜೊತೆಗೋ ಮಣ್ಣಿನ ಜೊತೆಗೋ ಕಲಸಿ, ಗಟ್ಟಿ ಕವರಿನಲ್ಲಿ ಕಟ್ಟಿ. ಆಗ ದನ, ನಾಯಿ, ಮಗು ಯಾರಿಗೂ ಅದು ಬೇಕೆನಿಸುವುದಿಲ್ಲ. ಖಾಲಿ ಸ್ಟ್ರಿಪ್ ಕತ್ತರಿಸಿ, ಹೆಸರಿರುವ ಚೀಟಿ ಹರಿದುಹಾಕಿ. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ. ಕಸದ ಗಾಡಿಯವರ ಕೈಗೇ ಕೊಟ್ಟು 'ಇದು ಔಷಧಿ, ಇದು ಸೂಜಿ' ಅಂತ ಬಾಯಿಬಿಟ್ಟು ಹೇಳಿ, ಯಾಕೆಂದರೆ ಕಸ ಬೇರ್ಪಡಿಸುವಾಗ ಚುಚ್ಚುವುದು ಅವರ ಬೆರಳಿಗೆ. 2016ರ ಘನತ್ಯಾಜ್ಯ ನಿಯಮವೂ ಅವಧಿ ಮುಗಿದ ಔಷಧಿಯನ್ನು ಮನೆಯ ಅಪಾಯಕಾರಿ ಕಸ ಎಂದೇ ಕರೆದು, ಬೇರೆಯಾಗಿ ಕೊಡಿ ಎಂದಿತ್ತು.

ನಿಮ್ಮ ನಾದಿನಿಯ ಮನಸ್ಸು ಒಳ್ಳೆಯದು. ಆದರೆ ಮಾವನವರಿಗೆ ಬರೆದ ಮಾತ್ರೆ ಮಾವನವರಿಗಷ್ಟೇ. ಅರ್ಧ ಉಳಿದ ಆಂಟಿಬಯೋಟಿಕ್ ಅಂತೂ ಯಾರಿಗೂ ಕೊಡಬೇಡಿ. ಒಡೆಯದ ಸ್ಟ್ರಿಪ್, ಬಿಲ್ ಎರಡೂ ಇದ್ದರೆ ಔಷಧಿ ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ ನೋಡಿ.

ಕೇರಳದಲ್ಲಿ 2025ರಲ್ಲಿ ಕೋಯಿಕ್ಕೋಡ್‌ನಿಂದ ಶುರು ಮಾಡಿ, ಮನೆಯಲ್ಲಿ ಉಳಿದ ಔಷಧಿಯನ್ನು ಸರ್ಕಾರವೇ ಸಂಗ್ರಹಿಸುತ್ತಿದೆ. ನಮ್ಮ ಪ್ರತಿ ತಾಲ್ಲೂಕಿನಲ್ಲೂ ಅಂಥ ಒಂದು ಪೆಟ್ಟಿಗೆ ಇರಬೇಕು ಅಂತ ನನ್ನ ಆಸೆ. ನಿಮ್ಮ ಅಂಗಡಿಯವರನ್ನು, ಪುರಸಭೆಯವರನ್ನು ನೀವೂ ಕೇಳಿ.

ಮಾತ್ರೆ ಬಿಡಿಸುವ ಕೆಲಸ ಭಾನುವಾರ ನಾದಿನಿಯ ಜೊತೆ ಕೂತು ಮಾಡಿದರೂ ನಡೆಯುತ್ತದೆ. ಪ್ಯಾಚ್‌ಗಳದ್ದು ಮಾತ್ರ ಈ ಪುಟ ಓದಿದ ಕೂಡಲೇ ಮುಗಿಸಿ.