ಲಿಂಕ್ ಜಾಸ್ತಿ ಇದ್ದರೆ ಸಾಲದು

ಪ್ರಶ್ನೆ: ಜಪಾನಿ ಭಾಷೆ ಕಲಿಯುವವರಿಗಾಗಿ ನಾವು ಕೆಲವು ಗೆಳೆಯರು ಸೇರಿ ಆನ್‌ಲೈನ್ ಲೈಬ್ರರಿ ಮಾಡಿದ್ದೇವೆ. ಪಿಡಿಎಫ್, ಆಡಿಯೊ, ವಿಡಿಯೊ ರಾಶಿ ಇದೆ. ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಏನು ಮಾಡುವುದು?
– ಓದುಗರೊಬ್ಬರು, ಉಡುಪಿ

ಉತ್ತರ: ಆ ರಾಶಿಯೇ ತೊಂದರೆ. ಜಪಾನಿಯಲ್ಲಿ ಮೊದಲು ಕಲಿಯುವ ಲಿಪಿ ಹಿರಗಾನಾದ 46 ಅಕ್ಷರ ಈಗಷ್ಟೇ ಕಲಿತವರ ಮುಂದೆ ನೂರಾರು ಪಿಡಿಎಫ್ ಇಟ್ಟರೆ ಯಾವುದನ್ನು ತೆರೆಯಬೇಕು ಅಂತಲೇ ಗೊತ್ತಾಗುವುದಿಲ್ಲ ಅಲ್ವಾ? ಮೊದಲು ಎಲ್ಲವನ್ನೂ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಹಂತದಂತೆ, ಸುಲಭದ ಎನ್5ರಿಂದ ಕಷ್ಟದ ಎನ್1ರವರೆಗೆ, ಬೇರೆ ಬೇರೆ ಮಾಡಿ. 2010ರಲ್ಲಿ ಪರೀಕ್ಷೆ ಬದಲಾದ ಮೇಲೆ ಯಾವ ಹಂತಕ್ಕೆ ಯಾವ ಪದ, ಯಾವ ಕಾಂಜಿ (ಚೀನಾ ಮೂಲದ ಅಕ್ಷರ) ಎಂಬ ಅಧಿಕೃತ ಪಟ್ಟಿ ಬರುತ್ತಿಲ್ಲ, ಹಾಗಾಗಿ ನೀವು ಹಾಕುವ ಪಟ್ಟಿಗೆ 'ಅಂದಾಜು' ಅಂತ ಬರೆಯಿರಿ. ಪ್ರತಿಯೊಂದರ ಕೆಳಗೂ ಎರಡು ಸಾಲು ಇರಲಿ. ಯಾರಿಗೆ? ಕಾಂಜಿಯ ಮೇಲೆ ಫುರಿಗಾನಾ, ಅಂದರೆ ಅದನ್ನು ಓದುವ ಬಗೆ ತೋರಿಸುವ ಚಿಕ್ಕ ಅಕ್ಷರ, ಇದೆಯಾ?

ಸ್ಕ್ಯಾನ್ ಮಾಡಿದ ಪಠ್ಯಪುಸ್ತಕಗಳಿದ್ದರೆ ತೆಗೆದುಬಿಡಿ. ಹಕ್ಕುಸ್ವಾಮ್ಯ ಮುಗಿದ ಜಪಾನಿ ಸಾಹಿತ್ಯ ಅಓಜೊರಾ ಬುಂಕೊ ಎಂಬ ಆನ್‌ಲೈನ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಅದು ಮೇಲಿನ ಹಂತದವರಿಗೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಕನ್ನಡದ ವಿವರಣೆ. ಇಂಗ್ಲಿಷ್ ಮೂಲಕ ಕಲಿಯುವಾಗ ವಾಕ್ಯವನ್ನು ತಿರುಗಿಸಿ ಕೂರಿಸಬೇಕು, ನಮಗೆ ಆ ಕಷ್ಟವೇ ಬೇಡ. 'ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗ್ತೇನೆ' ಎನ್ನುವುದು 'ಉಡುಪಿ ಕರಾ ಮಂಗಳೂರು ನಿ ಬಸು ದೆ ಇಕಿಮಾಸ್' ಆಗುತ್ತದೆ. ಇಂದ, ಗೆ, ಅಲ್ಲಿ ಇದ್ದ ಜಾಗದಲ್ಲೇ ಕರಾ, ನಿ, ದೆ ಬಂದು ಕೂತಿವೆ, ಕ್ರಿಯಾಪದ ಕೊನೆಯಲ್ಲೇ ಇದೆ. ಇಂಥ ಚಿಕ್ಕ ಪಾಠಗಳನ್ನು ನೀವೇ ಬರೆದು, ಓದಿ, ಆಡಿಯೊ ಸೇರಿಸಿ. ಸುಮ್ನೆ ಲಿಂಕ್ ಕೂಡಿಸುವುದಕ್ಕಿಂತ ಇದಕ್ಕೆ ಸಮಯ ಕೊಡಿ. ತಿಂಗಳಿಗೊಮ್ಮೆ ಹಳೇ ಲಿಂಕ್‌ಗಳನ್ನೂ ಒತ್ತಿ ನೋಡಿ, ತೆರೆಯದಿದ್ದರೆ ಅಳಿಸಿ.