ಆಪ್ತಸಲಹೆ ಪ್ರಕರಣ: ಎಥ್ನಿಕ್ ಡೇ ಚಂದಾದಿಂದ ಸಾಲದ ಆ್ಯಪ್‌ವರೆಗೆ

(ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಮಂಜು ಎಂದು ಕರೆಯೋಣ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಊರು ಹಾವೇರಿ ಕಡೆ, ಮನೆಯಲ್ಲಿ ಸ್ವಲ್ಪ ಗೋವಿನಜೋಳದ ಹೊಲ. ಇಂಟರ್ನಲ್ಸ್‌ಗೆ ಗೈರಾಗಿದ್ದಾನೆ, ಯಾರೊಂದಿಗೂ ಮಾತಿಲ್ಲ ಎಂದು ಅವನ ಮೆಂಟರ್ ನನ್ನ ಬಳಿ ಕಳುಹಿಸಿದ್ದರು. ಬಂದು ಕೂತವನೇ ಫೋನನ್ನು ಮೇಜಿನ ಮೇಲೆ ಕವುಚಿಟ್ಟ. ಕರೆಯ ಮೇಲೆ ಕರೆ. ಯಾವುದನ್ನೂ ಎತ್ತಲಿಲ್ಲ.

ನಡೆದದ್ದು ಇಷ್ಟು. ಕಾಲೇಜಿನಲ್ಲಿ ಎಥ್ನಿಕ್ ಡೇ. ತರಗತಿಯ ಹುಡುಗರೆಲ್ಲ ಒಂದೇ ಬಣ್ಣದ ಪಂಚೆ, ಶಲ್ಯ. ಜತೆಗೆ ಡೊಳ್ಳು, ಫೋಟೊಗ್ರಾಫರ್. ತಲೆಗೆ ₹1,800. ಕ್ಲಾಸ್ ರೆಪ್ರೆಸೆಂಟೇಟಿವ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ಹೆಸರಿನ ಪಟ್ಟಿ ಹಾಕಿದ. ಹಣ ಕೊಟ್ಟವರ ಹೆಸರಿನ ಮುಂದೆ ಹಸಿರು ಟಿಕ್. ಒಬ್ಬೊಬ್ಬರು ಕೊಟ್ಟಾಗಲೂ ಪಟ್ಟಿ ಹೊಸದಾಗಿ ಬೀಳುತ್ತಿತ್ತು. ಕೊನೆಗೆ ನಾಲ್ಕೇ ಹೆಸರು ಖಾಲಿ ಉಳಿದವು, ಅದರಲ್ಲಿ ಇವನದೂ ಒಂದು. "ಎಲ್ಲಾರೂ ನನ್ನ ಹೆಸರೇ ನೋಡಾಕತ್ತಾರ ಅನ್ನಿಸ್ತಿತ್ರಿ ಮೇಡಂ. ಅಪ್ಪ ಆಗಷ್ಟೇ ಮೆಸ್ಸಿನ ರೊಕ್ಕ ಕಳಿಸಿದ್ದ, ಮತ್ತ ಹೆಂಗ ಕೇಳಲಿ?"

ಆ ರಾತ್ರಿ ರೀಲ್ಸ್ ನಡುವೆ ಬಂದ ಜಾಹೀರಾತು ನೋಡಿ ಸಾಲದ ಆ್ಯಪ್ ಹಾಕಿಕೊಂಡ. ಆಧಾರ್, ಪ್ಯಾನ್, ಸೆಲ್ಫಿ ಕೊಟ್ಟ. ಸಂಪರ್ಕ ಪಟ್ಟಿ, ಗ್ಯಾಲರಿ ಎಲ್ಲಕ್ಕೂ 'ಅಲೋ' ಒತ್ತಿದ. ₹5,000 ಸಾಲವೆಂದು ತೋರಿಸಿ, ಸಂಸ್ಕರಣಾ ಶುಲ್ಕದ ಹೆಸರಲ್ಲಿ ಮುರಿದುಕೊಂಡು ಖಾತೆಗೆ ಹಾಕಿದ್ದು ₹3,100. ವಾರ ತುಂಬುವ ಮೊದಲೇ ಪೂರ್ತಿ ಐದು ಸಾವಿರ ಕಟ್ಟು ಎಂದರು. ಅದನ್ನು ತೀರಿಸಲು ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು. ಕೊನೆಗೆ ಅವನ ಮುಖವನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸಿ ಅವನಿಗೇ ಕಳುಹಿಸಿದರು. ಕೆಳಗೆ ಅವ್ವ, ಸೋದರಮಾವ, ಹೈಸ್ಕೂಲಿನ ಮೇಷ್ಟ್ರು ಎಲ್ಲರ ನಂಬರು.

ಹಣದ ಲೆಕ್ಕಕ್ಕೆ ಹೋಗುವ ಮೊದಲು ನಾನು ನೇರವಾಗಿಯೇ ಕೇಳಿದೆ: "ಸಾಯಬೇಕು ಅನ್ನಿಸಿದೆಯಾ?" ಹೌದೆಂದು ತಲೆಯಾಡಿಸಿದ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಅನೇಕ ಪಾಲಕರಿಗಿದೆ. ಹಾಗಾಗುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಕ್ಕಂತಾಗುತ್ತದೆ. ರೂಮ್‌ಮೇಟ್‌ನನ್ನು ಕರೆಸಿದೆವು. ರಾತ್ರಿ ಒಂಟಿಯಾಗಿ ಬಿಡುವುದಿಲ್ಲ, ಫೋನ್ ತಾನೇ ಇಟ್ಟುಕೊಳ್ಳುತ್ತೇನೆ ಎಂದು ಅವನು ಒಪ್ಪಿದ. ಟೆಲಿ ಮಾನಸ್‌ನ 14416 ಇಬ್ಬರಿಗೂ ಕೊಟ್ಟೆ. ಇದು ಹಗಲು ರಾತ್ರಿ ಸಿಗುವ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಹೇಳಿದ್ದು: ಇನ್ನು ಒಂದು ರೂಪಾಯಿಯನ್ನೂ ಕಟ್ಟಬೇಡ. ಕಟ್ಟಿದಷ್ಟೂ ಇವನು ಹೆದರುತ್ತಾನೆ ಎಂಬುದು ಅವರಿಗೆ ಖಾತ್ರಿಯಾಗುತ್ತದೆ. ಗಾಬರಿಯಲ್ಲಿ ಆ್ಯಪ್ ಕಿತ್ತುಹಾಕಬೇಡ. ಸಂದೇಶ, ನಂಬರು, ಯುಪಿಐ ವಿವರಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ್ಯಪ್‌ಗೆ ಕೊಟ್ಟ ಅನುಮತಿಗಳನ್ನೆಲ್ಲ ಹಿಂಪಡೆದು, ನಂತರ ತೆಗೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಗ್ಯಾಲರಿ ಮುಟ್ಟುವಂತೆಯೇ ಇಲ್ಲ. ಇದನ್ನು ಕೇಳಿ ಅವನು ತಲೆ ಎತ್ತಿದ. ಅಷ್ಟು ದಿನ ತಾನೇ ಕಳ್ಳ ಎಂದುಕೊಂಡಿದ್ದ.

ಅತ್ಯಂತ ಕಷ್ಟವಾದದ್ದು ಸಂಪರ್ಕದಲ್ಲಿದ್ದವರಿಗೆಲ್ಲ ತಾನೇ ಮೊದಲು ತಿಳಿಸುವುದು. ಇಬ್ಬರೂ ಕೂತು ಬರೆದೆವು: "ನನ್ನ ಫೋನಿನ ಮಾಹಿತಿ ಕದ್ದಿದ್ದಾರೆ. ನನ್ನ ಹೆಸರಲ್ಲಿ ಕೆಟ್ಟ ಚಿತ್ರ, ಸಾಲದ ಸಂದೇಶ ಬಂದರೆ ನಂಬಬೇಡಿ, ಉತ್ತರಿಸಬೇಡಿ." 'ಸಾಲದ' ಎಂಬುದನ್ನು ಎರಡು ಸಲ ಅಳಿಸಿದ. ಮತ್ತೆ ತಾನೇ ಸೇರಿಸಿದ. ಈ ದಂಧೆಯವರ ಕೈಯಲ್ಲಿರುವ ಅಸ್ತ್ರ ನಾಚಿಕೆಯೊಂದೇ. ನಾವೇ ಮುಂಚಿತವಾಗಿ ಹೇಳಿಬಿಟ್ಟರೆ ಅವರು ಹೆದರಿಸಲು ಉಳಿಯುವುದೇನು?

ಅಪ್ಪನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ನನ್ನ ಎದುರೇ ಸೋದರಮಾವನಿಗೆ ಮಾಡಿದ. ಅವರೆಂದರು: "ನನಗ ಆ ಫೋಟೊ ಬಂದು ನಾಕು ದಿನ ಆತು. ಸುಳ್ಳು ಅಂತ ಗೊತ್ತಿತ್ತು. ನಿನ್ನ ಪರೀಕ್ಷಿ ಮುಗೀಲಿ ಅಂತ ಸುಮ್ನಿದ್ದೆ." ಮಂಜು ಬಹಳ ಹೊತ್ತು ಅತ್ತ. ಮಾವನದು ಒಳ್ಳೆಯ ಉದ್ದೇಶವೇ, ಆದರೂ ಪಾಲಕರಲ್ಲಿ ನನ್ನ ವಿನಂತಿ: ಇಂಥದ್ದು ಬಂದರೆ ಸುಮ್ಮನಿರಬೇಡಿ. ಆ ನಾಲ್ಕು ದಿನ ಹುಡುಗ ಒಬ್ಬನೇ ನರಳಿದ್ದಾನೆ.

ಕಾಲೇಜಿಗೂ ನನ್ನದೊಂದು ಮಾತಿದೆ. ಇವನು ಶೋಕಿಗೆ ಸಾಲ ಮಾಡಲಿಲ್ಲ; ಹೆಸರಿನ ಮುಂದೆ ಟಿಕ್ ಬೀಳಲಿ ಎಂದು ಮಾಡಿದ. ಹಬ್ಬದ ಚಂದಾ ಕೊಡದವರ ಹೆಸರನ್ನು ಎಲ್ಲರೆದುರು ಬಿಚ್ಚಿಡುವುದೂ ನಾಚಿಕೆಯಿಂದ ಹಣ ಎತ್ತುವ ರೀತಿಯೇ. ಮಂಜುವಿನ ಹೆಸರೆತ್ತದೆ ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿಗೆ ಇದನ್ನು ಹೇಳಿದೆ. ಈಗ ಹಣ ಯಾರು ಕೊಟ್ಟರೆಂಬುದು ಸಂಗ್ರಹಿಸುವವರಿಗೆ ಮಾತ್ರ ಗೊತ್ತಿರುತ್ತದೆ, ಕೊಡಲಾಗದವರಿಗೆ ಒತ್ತಾಯವಿಲ್ಲ. ಮನೆಯ ಬಿಳಿ ಪಂಚೆ ಉಟ್ಟು ಬಂದರೂ ಸಾಕು. ಎಥ್ನಿಕ್ ಡೇ ಎಂದರೆ ಅದೇ ಅಲ್ಲವೇ!

ಕರೆಗಳು ಇನ್ನೂ ಕೆಲವು ವಾರ ಬಂದು ನಿಂತವು. ದೂರಿನ ಸಂಖ್ಯೆ ಸಿಕ್ಕಿದೆ, ಕಟ್ಟಿದ ಹಣ ವಾಪಸ್ ಬಂದಿಲ್ಲ. ನಿದ್ದೆ ಸುಧಾರಿಸಿದೆ; ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಈಗಲೂ ಕೈ ಬೆವರುತ್ತದೆ ಎನ್ನುತ್ತಾನೆ. ಸದ್ಯ ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.