ಎಕ್ಸ್‌ರೇ ಸರಿಯಿದೆ, ಆದರೂ ಮಂಡಿ ಕೈಕೊಡುತ್ತಿದೆ. ಯಾಕೆ?

ಮಡಿಕೇರಿ ಹತ್ತಿರದ ತಿರುವಿನಲ್ಲಿ ಬೈಕ್ ಜಾರಿ ಬಿದ್ದು ತಿಂಗಳಾಯಿತು, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದರೆ ಕಾಫಿ ತೋಟದ ಇಳಿಜಾರಿನಲ್ಲಿ ಮಂಡಿ ತಪ್ಪಿದಂತಾಗುತ್ತದೆ ಅಂತ ಬರೆದಿದ್ದೀರಿ. ಎಕ್ಸ್‌ರೇ ಹೇಳುವುದು ಮೂಳೆಯ ಕತೆ ಮಾತ್ರ. ಮೂಳೆಗಳನ್ನು ಬಿಗಿದು ಹಿಡಿಯುವ ಪಟ್ಟಿ (ಲಿಗಮೆಂಟ್), ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ (ಮೆನಿಸ್ಕಸ್) ಅದರಲ್ಲಿ ಕಾಣುವುದೇ ಇಲ್ಲ.

ನಾನು ಮೊದಲು ಕೇಳುವುದು: ಊತ ಯಾವಾಗ ಬಂತು? ಬಿದ್ದ ಒಂದೆರಡು ಗಂಟೆಯಲ್ಲೇ ಮಂಡಿ ಉಬ್ಬಿದ್ದರೆ ಒಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಮಂಡಿಯೊಳಗೆ ಒಂದಕ್ಕೊಂದು ಅಡ್ಡ ಹಾಯುವ ಎರಡು ಲಿಗಮೆಂಟ್‌ಗಳಲ್ಲಿ ಮುಂಭಾಗದ್ದು (ಎಸಿಎಲ್) ಹರಿದಿರಬಹುದು. ಮಾರನೇ ದಿನ ನಿಧಾನವಾಗಿ ಊದಿ, ಆಮೇಲೆ ಮಂಡಿ ಮಡಚುವಾಗ ಅರ್ಧಕ್ಕೇ ಸಿಕ್ಕಿಹಾಕಿಕೊಂಡಂತೆ ನಿಂತುಬಿಡುತ್ತಿದ್ದರೆ ಮೆನಿಸ್ಕಸ್ ಮೇಲೆ ಅನುಮಾನ. ಜೀಪಿನ ಡ್ಯಾಶ್‌ಬೋರ್ಡ್‌ಗೆ ಮೊಣಕಾಲು ಬಡಿದವರಲ್ಲಿ ಆ ಎರಡರಲ್ಲಿ ಹಿಂಭಾಗದ ಲಿಗಮೆಂಟ್ ಹರಿದಿರಬಹುದು. ಅಂಥವರನ್ನು ಮಲಗಿಸಿ ಎರಡೂ ಮಂಡಿ ಮಡಚಿ ಪಕ್ಕದಿಂದ ನೋಡಿದರೆ, ಪೆಟ್ಟಾದ ಕಾಲಿನ ಕಣಕಾಲು (ಮಂಡಿಯ ಕೆಳಗಿನ ಭಾಗ) ಹಿಂದಕ್ಕೆ ಜಗ್ಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಮೊದಲ ವಾರದ ಪರೀಕ್ಷೆ ನೆಚ್ಚಬೇಡಿ. ನೋವಿಗೆ ಸ್ನಾಯು ಬಿಗಿಹಿಡಿದು ಸಡಿಲ ಮಂಡಿಯೂ ಗಟ್ಟಿ ಅನ್ನಿಸುತ್ತದೆ. ಈಗ ಮೂಳೆ ವೈದ್ಯರ ಬಳಿ ಮತ್ತೆ ಹೋಗಿ. ಅವರು ಮಂಡಿಯನ್ನು 20-30 ಡಿಗ್ರಿ ಮಡಚಿ ಕಣಕಾಲನ್ನು ಮುಂದಕ್ಕೆಳೆದು ನೋಡುತ್ತಾರೆ. ಬೇಕಿದ್ದರೆ ಎಂಆರ್‌ಐ. ಆದರೆ ವಯಸ್ಸಾದವರಲ್ಲಿ ನೋವೇ ಇಲ್ಲದ ಮಂಡಿಯಲ್ಲೂ ಮೆನಿಸ್ಕಸ್ ಹರಿದಂತೆ ಎಂಆರ್‌ಐ ತೋರಿಸುವುದುಂಟು. ಹಾಗಾಗಿ ಬರೀ ರಿಪೋರ್ಟ್ ಹಿಡಿದು ಆಪರೇಷನ್‌ಗೆ ಒಪ್ಪಬೇಡಿ. ಅಂದಹಾಗೆ, ಸೊಂಟದ ಕೀಲಿನ ಪೆಟ್ಟೂ ಮಂಡಿನೋವಾಗಿ ಬರುತ್ತದೆ, ಅದನ್ನೂ ನೋಡಿಸಿ.

ಪಾದ ತಣ್ಣಗಾಗಿ ಜೋಮು ಹಿಡಿದರೆ ಮಾತ್ರ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.